ಮಾವ ಇಡಬೇಕಾದ ತುತ್ತು

ಸುಂದರಬಾಯಿಗೆ ಮೊಮ್ಮಗನ ಬಣ್ಣದ ಮೇಲೆ ಇನ್ನಿಲ್ಲದ ಜಂಬ. ಮಗನೂ ಕಪ್ಪು, ಸೊಸೆಯೂ ಅಷ್ಟಕ್ಕಷ್ಟೇ. ಕೂಸು ಮಾತ್ರ ತಿಂಗಳು ತಿಂಗಳಿಗೆ ಬೆಳ್ಳಗಾಗುತ್ತಿತ್ತು. ಭಾಲ್ಕಿಯ ಓಣಿಯವರನ್ನೆಲ್ಲ ಕರೆದು ತೋರಿಸಿದ್ದೇ ತೋರಿಸಿದ್ದು. ಮಲಗಿದಲ್ಲೇ ಮಲಗಿರುತ್ತದೆ, ಎಷ್ಟು ಸಮಾಧಾನದ ಕೂಸು ಎಂದು ಅದನ್ನೂ ಹೊಗಳಿಕೆಗೆ ಸೇರಿಸಿಕೊಂಡಿದ್ದಳು.

ಹನ್ನೊಂದು ತಿಂಗಳು ತುಂಬಿದರೂ ಕೂಸಿಗೆ ಹಾಲೊಂದೇ. ಮೊದಲ ತುತ್ತು ಸೋದರಮಾವನೇ ಇಡಬೇಕೆಂಬುದು ಆ ಮನೆಯ ಪದ್ಧತಿ. ಮಾವ ವೈಜಿನಾಥ ರಜಾಕಾರರ ಕಾಟಕ್ಕೆ ಗಡಿ ದಾಟಿ ಹೋದವನು. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದು ಎರಡು ತಿಂಗಳಾದರೂ ಸುದ್ದಿಯಿಲ್ಲ. ಹಾಗೆಂದು ಪದ್ಧತಿ ಬಿಡಲಾದೀತೇ? ಶ್ರಾವಣದಲ್ಲೊಮ್ಮೆ ಸೊಸೆ ಶಿವಕಾಂತಾ ಅಡುಗೆಮನೆಯ ಮೂಲೆಯಲ್ಲಿ ಕೂತು, ಬೇಳೆಯಲ್ಲಿ ನೆನೆಸಿದ ರೊಟ್ಟಿಯನ್ನು ಕೂಸಿನ ಬಾಯಿಗಿಡುತ್ತಿದ್ದಳು. ಸುಂದರಬಾಯಿ ಬಟ್ಟಲು ಕಸಿದುಕೊಂಡಿದ್ದಳು.

"ನಿಮ್ಮಣ್ಣ ಸತ್ತಾನಂತ ತಿಳದೀ ಏನ?"

ಆಮೇಲೆ ಸೊಸೆ ಆ ಸುದ್ದಿಗೇ ಹೋಗಲಿಲ್ಲ.

ಈಗ ಕೂಸು ಗೋಡೆಯ ಮಣ್ಣು ಕೆರೆದು ತಿನ್ನತೊಡಗಿತು. ದೃಷ್ಟಿ ತೆಗೆದದ್ದಾಯಿತು, ತಾಯಿತ ಕಟ್ಟಿದ್ದಾಯಿತು. ಕೊನೆಗೆ ಬುತ್ತಿ ಕಟ್ಟಿಕೊಂಡು ಅತ್ತೆ ಸೊಸೆ ರೈಲು ಹತ್ತಿ ಬೀದರಿನ ದವಾಖಾನೆಗೆ ಬಂದರು. ನರ್ಸಬಾಯಿ ಕೂಸಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪೇ ಇಲ್ಲ.

"ನಮ್ಮ ಕೂಸಿನ ಬಣ್ಣನೇ ಹಂಗರಿ," ಎಂದಳು ಸುಂದರಬಾಯಿ.

"ಬಣ್ಣ ಅಲ್ಲ ಆಯಿ, ಮೈಯಾಗ ರಕ್ತ ಇಲ್ಲ. ಹಿಂಗೇ ಬಿಟ್ರ ಕೂಸು ಉಳಿಯಂಗಿಲ್ಲ. ಆರ್ ತಿಂಗಳಾದ ಮ್ಯಾಲ ಮೊಲಿಹಾಲಿನ ಜೋಡಿ ಬ್ಯಾಳಿ, ತಪ್ಪಲಪಲ್ಯ ತಿನಸಬೇಕು. ಯಾಕ ತಿನಸಿಲ್ಲ?"

ಶಿವಕಾಂತಾ ತಲೆ ತಗ್ಗಿಸಿ, "ನನಗ ತಿಳೀಲಿಲ್ಲರಿ," ಎಂದಳು.

ನರ್ಸಬಾಯಿ ಅವಳನ್ನು ಬಾಯಿಗೆ ಬಂದಂತೆ ಬೈದಳು. ನೀನೆಂಥ ತಾಯಿ ಎಂದಳು. ಸುಂದರಬಾಯಿ ಕೇಳುತ್ತ ನಿಂತಿದ್ದಳು. ಅಷ್ಟು ಹೊತ್ತು ಸುಮ್ಮನೆ ನಿಂತೆನಲ್ಲ ಎಂಬ ನಾಚಿಕೆ ಮುಂದೆ ಎಷ್ಟು ವರ್ಷವಾದರೂ ಅವಳನ್ನು ಬಿಡಲಿಲ್ಲ.

"ಅಕೀದಲ್ಲರಿ ತಪ್ಪು," ಎಂದಳು ಕೊನೆಗೆ. "ಅಕಿ ತಿನಸ್ತಿದ್ಳು. ನಾನೇ ಕಸಗೊಂಡೆ."

ಔಷಧಿ ಹಿಡಿದು ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು ಬೇಳೆಯಲ್ಲಿ ನುಣ್ಣಗೆ ಕಿವುಚಿದಳು. ತಾನು ತಿನ್ನಿಸಲು ಕೈ ಏಳದೆ ಬಟ್ಟಲನ್ನು ಸೊಸೆಯ ಮುಂದಿಟ್ಟಳು.

"ನೀನೇ ತಿನಸವ್ವ."

"ಅಣ್ಣ ಬರೋತನಕ..."

"ಅವ ಬಂದಾಗ ಬರ್ಲಿ."

ತುತ್ತು ಇನ್ನೂ ಗೇಣು ದೂರವಿರುವಾಗಲೇ ಕೂಸು ಬಾಯಿ ತೆರೆಯಿತು. ಶ್ರಾವಣದ ಆ ರುಚಿ ಅದಕ್ಕೆ ನೆನಪಿತ್ತು. ಸುಂದರಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.