ಬಣ್ಣ ಹಚ್ಚಿಸಿಕೊಳ್ಳಲು ಬಂದ ಕ್ಲಿನಿಕ್ಕಿನ ಮೇಡಂ

ಪಾರ್ಲರ್ ನಡೆಸುತ್ತಿದ್ದ ಅಕ್ಕನಿಗೆ ಆಸ್ತಮಾ ಚಿಕ್ಕಂದಿನಿಂದಲೂ ಇತ್ತು. ಸ್ಪ್ರೇ, ಬಣ್ಣದ ಘಾಟು ಎರಡೂ ಅವಳ ಎದೆಗೆ ಆಗಿಬರುತ್ತಿರಲಿಲ್ಲ. ಹಾಗೆಂದು ಕೈಗೆ ಒಲಿದ ಕೆಲಸ ಬಿಡುವುದುಂಟೇ? ಕಿಟಕಿ ತೆರೆದಿಟ್ಟು, ಜೇಬಿನಲ್ಲಿ ನೀಲಿ ಇನ್‌ಹೇಲರ್ ಇಟ್ಟುಕೊಂಡು ದಿನ ನೂಕುತ್ತಿದ್ದಳು.

ಇತ್ತೀಚೆಗೆ ಅದನ್ನು ಎಳೆದರೂ ಉಸಿರು ಹದಕ್ಕೆ ಬರುತ್ತಿರಲಿಲ್ಲ. ಮಲಗಿದರೆ ಎದೆಯೊಳಗೆ ಬೆಕ್ಕು ಗುರುಗುಟ್ಟಿದಂಥ ಸದ್ದು. ಡಾಕ್ಟರನ್ನು ಕಾಣೋಣವೆಂದರೆ ಕ್ಲಿನಿಕ್ಕಿನ ಫೋನು ಸಿಕ್ಕರೆ ತಾನೆ? ಖುದ್ದಾಗಿ ಹೋದರೆ ಕೌಂಟರಿನ ಮೇಡಂ ತಲೆಯನ್ನೂ ಎತ್ತದೆ, “ಫೋನ್ ಮಾಡಿ ಬನ್ನಿ” ಎನ್ನುತ್ತಿದ್ದಳು.

“ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋ ಹಾಗಾಯ್ತು, ಅತ್ತಿಗೆ,” ಎಂದಳು ಪಾರ್ಲರಿನಲ್ಲೇ ಕೆಲಸ ಮಾಡುವ ನಾದಿನಿ.

ಒಂದು ಮಧ್ಯಾಹ್ನ ಆ ಪೂಜಾರಿಯೇ ನರೆಗೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದು ಕೂತಳು. ಅಕ್ಕ ಗುರುತು ಹಿಡಿದಳು, ಆದರೂ ಬಟ್ಟಲಲ್ಲಿ ಬಣ್ಣ ಕಲಸತೊಡಗಿದಳು. ಅರ್ಧ ತಲೆಗೆ ಬಣ್ಣ ಹಚ್ಚುವಷ್ಟರಲ್ಲಿ ಎದೆ ಬಿಗಿಯಿತು. ಬ್ರಷ್ಷು ಕೈಜಾರಿತು. ಇನ್‌ಹೇಲರ್ ಎಳೆದಳು, ಮತ್ತೆ ಎಳೆದಳು. ಉಸಿರು ಒಳಗೆ ಹೋದದ್ದು ಹೊರಗೆ ಬರಲೊಲ್ಲದು.

ನಾದಿನಿ ಅವಳನ್ನು ಕಿಟಕಿಯ ಹತ್ತಿರ ಕೂರಿಸಿ, ಕ್ಲಿನಿಕ್ಕಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು. ಸಂಗೀತ ಮೊಳಗಿತು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದಿತು. ಮತ್ತೆ ಸಂಗೀತ.

ಕನ್ನಡಿಯಲ್ಲಿ ಮೇಡಂನ ಮುಖ ಸಪ್ಪಗಾಯಿತು. “ಇದು ನಮ್ಮ ಕ್ಲಿನಿಕ್ ಫೋನಲ್ವಾ?”

“ನಿಮ್ದೇ. ದಿನಾ ಈ ಹಾಡೇ ಕೇಳ್ತಿದೀವಿ.”

“ಉಸಿರು ಕಟ್ಟುತ್ತೆ ಅಂತ ಕೌಂಟರಲ್ಲಿ ಹೇಳಬಾರದಿತ್ತಾ?”

ಅಕ್ಕ ತಡೆತಡೆದು ಅಂದಳು: “ಹೇಳೋಕೂ... ಉಸಿರು... ಬೇಕಲ್ಲಮ್ಮ.”

ಮೇಡಂ ಎದ್ದು ನೇರವಾಗಿ ಡಾಕ್ಟರ ಸ್ವಂತ ಮೊಬೈಲಿಗೇ ಫೋನು ಮಾಡಿದಳು. “ಸರ್, ಮಾತಾಡೋಕೂ ಆಗ್ತಿಲ್ಲ ಇವರಿಗೆ. ನಾನೇ ಕರ್ಕೊಂಡು ಬರ್ತಿದೀನಿ.” ತನ್ನ ಕಾರಿನಲ್ಲೇ ಅಕ್ಕನನ್ನು ಕೂರಿಸಿಕೊಂಡು ಹೊರಟಳು. ಮೇಡಂನ ಕೊರಳಿಗೆ ಕಟ್ಟಿದ ಬಟ್ಟೆ ಹಾಗೇ ಇತ್ತು, ಕಿವಿಯ ಮೇಲಿಂದ ಬಣ್ಣ ಇಳಿಯುತ್ತಿತ್ತು. ಕ್ಲಿನಿಕ್ಕಿನಲ್ಲಿ ಕಾದು ಕೂತವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಡಾಕ್ಟರ ಕೋಣೆಯ ಬಾಗಿಲು ತಳ್ಳಿದಳು.

ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟ ಮೇಲೆ ಅಕ್ಕನ ಎದೆ ಮೆಲ್ಲಗೆ ಸಡಿಲಾಯಿತು. ಡಾಕ್ಟರು ದಿನವೂ ಎಳೆಯಬೇಕಾದ ಬೇರೊಂದು ಇನ್‌ಹೇಲರ್ ಬರೆದುಕೊಟ್ಟರು. “ನೀಲಿದು ಬೆಂಕಿ ಹತ್ತಿದ ಮೇಲೆ ಹುಯ್ಯೋ ನೀರು. ಇದು ಬೆಂಕಿನೇ ಹತ್ತದ ಹಾಗೆ ಕಾಯುತ್ತೆ. ಮೊದಲೇ ಬರಬಾರದಿತ್ತಾ?”

“ಬಂದಿದ್ದೆ ಡಾಕ್ಟ್ರೇ. ಕೌಂಟರ್ ದಾಟೋಕಾಗಲಿಲ್ಲ.” ಎಷ್ಟೋ ದಿನದ ಮೇಲೆ ಒಂದೇ ಉಸಿರಿಗೆ ಹೇಳಿದ ಮಾತು ಅದು.

ಡಾಕ್ಟರು ಬಾಗಿಲ ಕಡೆ ನೋಡಿದರು. “ಹೌದು ಸರ್, ನಾನೇ ವಾಪಸ್ ಕಳಿಸಿದ್ದು,” ಎಂದಳು ಮೇಡಂ. “ಉಸಿರಾಟದ ತೊಂದರೆ ಅಂದವರಿಗೆ ಇನ್ಮೇಲೆ ಸರದಿ ಬೇಡ. ನೇರ ಒಳಗೇ ಕಳಿಸ್ತೀನಿ.” ಮರುದಿನದಿಂದ ಹಾಗೇ ನಡೆಯಿತು.

ಬಣ್ಣ ಹೆಚ್ಚು ಹೊತ್ತು ಕೂತು ಮೇಡಂನ ಅರ್ಧ ತಲೆ ಕಾಡಿಗೆಯಾಗಿತ್ತು. ಉಳಿದರ್ಧವನ್ನು ಅಕ್ಕ ಪುಕ್ಕಟೆಯಾಗಿ ಸರಿಮಾಡಿಕೊಟ್ಟಳು.

ಮುಂದೆ ಪರೀಕ್ಷೆಗೆ ಹೋದಾಗ ಡಾಕ್ಟರು ಅವಳಿಂದ ಉಸಿರಿನ ಬಲ ಅಳೆಯುವ ಕೊಳವೆ ಊದಿಸಿದರು. ಮುಳ್ಳು ಸರ್ರನೆ ಮೇಲೇರಿತು. “ಇದೇನು ಮಹಾ,” ಎಂದು ಜೊತೆಗೆ ಬಂದಿದ್ದ ಗಂಡ, ಸಿಗರೇಟಿನ ದಾಸ, ತಾನೂ ಊದಿದ. ಮುಳ್ಳು ಅರ್ಧ ದಾರಿಯಲ್ಲೇ ಕೂತುಬಿಟ್ಟಿತು.

“ಇವರಿಗೊಂದು ಅಪಾಯಿಂಟ್‌ಮೆಂಟ್ ಬರ್ಕೊಳ್ಳಿ ಮೇಡಂ,” ಎಂದು ಅಕ್ಕ ಕೌಂಟರಿನತ್ತ ಕೂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಮ್ಮು ಹತ್ತಿರ ಸುಳಿಯಲಿಲ್ಲ.