ದಾರ ತುಂಡಾದ ಕಡೆ

“ಈ ಒತ್ತಕ್ಷರ ಯಾವಾಗ್ಲೂ ಕೆಳಗೇ ಯಾಕೆ ಕೂತ್ಕೋಬೇಕು?”

ಅಂಗಡಿಯ ಮೂಲೆಯಲ್ಲಿ, ಬಟ್ಟೆ ಚೂರುಗಳ ಗುಡ್ಡೆಯ ಮೇಲೆ ಕೂತಿದ್ದ ಹುಡುಗಿ ಕೇಳಿದಳು. ಯಾರನ್ನೂ ಕೇಳಿದ್ದಲ್ಲ. ಯಂತ್ರದ ಸದ್ದಿನಲ್ಲಿ ಅದು ಬಟ್ಟೆ ಹೊಲಿಯುತ್ತಿದ್ದ ಅತ್ತೆಯ ಕಿವಿಗೆ ಬೀಳಲೂ ಇಲ್ಲ.

ಹುಡುಗಿಯನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದರು. ಅತ್ತೆ ಹೆಸರಿಟ್ಟದ್ದು ಅಂಗಿಯ ಗುಂಡಿ ಎಂದು. ತರಗತಿಯ ಹುಡುಗರು ಕರೆಯುವುದು ರಸ್ತೆಯ ಗುಂಡಿ ಎಂದು.

ಅವಳ ಎರಡನೇ ತರಗತಿಯಲ್ಲಿ ಪುಸ್ತಕದ ಕಪಾಟಿಗೆ ಎರಡು ಅಂತಸ್ತು. ಕೆಳಗೆ ಮೂರು ಅಧ್ಯಾಯದ ತೆಳ್ಳನೆಯ ಪುಸ್ತಕಗಳು. ಯಾರು ಬೇಕಾದರೂ ಮನೆಗೆ ಒಯ್ಯಬಹುದು. ಮೇಲೆ ಹತ್ತು ಅಧ್ಯಾಯದವು. ಎಲ್ಲರೆದುರು ನಿಂತು ಕೆಳಗಿನ ಪುಸ್ತಕದ ಒಂದು ಅಧ್ಯಾಯ ಓದಿದವರಿಗೆ ಮಾತ್ರ ಟೀಚರು ಮೇಲಿನದನ್ನು ಇಳಿಸಿಕೊಡುತ್ತಿದ್ದರು. ಗುಂಡಿಗೆ ಅಲ್ಲಿನ ಹಳದಿ ರಟ್ಟಿನ ಪುಸ್ತಕದ ಮೇಲೆ ಕಣ್ಣು.

ದಿನಾ ಸಂಜೆ ಅತ್ತೆ ತೆಳ್ಳನೆಯ ಪುಸ್ತಕವನ್ನು ಯಂತ್ರಕ್ಕೆ ಒರಗಿಸಿ, ಹೊಲಿಯುತ್ತಲೇ ಓದುತ್ತಿದ್ದಳು. ಶಾಲೆಯಲ್ಲಿ ರಬ್ಬರು ಕಳೆದುಕೊಂಡ ಹುಡುಗಿಯ ಕತೆ. ಅತ್ತೆಯ ದನಿಯಲ್ಲಿ ಅದು ಪದ್ಯದ ಹಾಗೆ ತೂಗುತ್ತಿತ್ತು. ನಾಲ್ಕೇ ಸಂಜೆಗಳಲ್ಲಿ ಗುಂಡಿಗೆ ಇಡೀ ಕತೆ ಬಾಯಿಗೆ ಬಂತು. ಬಾಯಿಗೆ ಬಂದಮೇಲೆ ಕಣ್ಣಿಗೇನು ಕೆಲಸ ಅಂದುಕೊಂಡಳು.

ಶುಕ್ರವಾರ ಎದ್ದು ನಿಂತು ಮೂರನೇ ಅಧ್ಯಾಯವನ್ನು ನೀರು ಕುಡಿದಷ್ಟು ಸಲೀಸಾಗಿ ಶುರುಮಾಡಿದಳು. “ಮೈ ಸವೆದು ಸವೆದು ರಬ್ಬರಿಗೆ ನಾಚಿಕೆಯಾಗಿತ್ತು. ಅದಕ್ಕೇ ಬೆಂಚಿನ ಕೆಳಗೆ ಅವಿತು ಕೂತಿತ್ತು” ಎಂದಾಗ ಪಕ್ಕದ ಬೆಂಚಿನವನು ಕಿಸಕ್ಕೆಂದ.

“ಟೀಚರ್, ನಾನೂ ಅದೇ ಪುಸ್ತಕ ಓದಿದೀನಿ. ಇದು ಅದರಲ್ಲಿ ಇಲ್ವೇ ಇಲ್ಲ. ಗುಂಡಿ ರೈಲು ಬಿಡ್ತಿದಾಳೆ.”

ಟೀಚರು ಬಂದು ಪುಟ ನೋಡಿದರು. ಬೈಯಲಿಲ್ಲ. ಬೆರಳಿಟ್ಟು ತೋರಿಸಿ, “ಇದೊಂದು ಸಾಲು ಓದಮ್ಮ” ಎಂದರು.

ಸಾಲಿನ ತುಂಬ ಒತ್ತುಗಳು ಕೂತಿದ್ದವು. ಗುಂಡಿ ಮೊದಲ ಪದದಲ್ಲೇ ಎಡವಿದಳು.

“ಪರವಾಗಿಲ್ಲ, ಸೋಮವಾರ ಇನ್ನೊಂದ್ಸಲ ನೋಡೋಣ.”

ಸಂಜೆ ಅಂಗಡಿಗೆ ಬಂದವಳೇ ಚೀಲ ಬಿಸಾಡಿದಳು. “ನೀನು ಸುಳ್ಳು ಓದಿದೀಯ ಅತ್ತೆ. ರಬ್ಬರಿಗೆ ನಾಚಿಕೆ ಅನ್ನೋದು ಪುಸ್ತಕದಲ್ಲೇ ಇಲ್ಲ. ಎಲ್ಲರ ಮುಂದೆ ನನ್ನ ಮಾನ ಹೋಯ್ತು.”

ಅತ್ತೆ ಪೆಡಲಿನಿಂದ ಕಾಲು ತೆಗೆದಳು. “ದಾರ ತುಂಡಾದಾಗ ನನ್ನ ಕಣ್ಣು ಸೂಜಿ ಮೇಲಿರತ್ತೆ ಕಣೇ, ಪುಸ್ತಕದ ಮೇಲಲ್ಲ. ನಾನು ಸುಮ್ನಾದ್ರೆ ನೀನು ಎದ್ದು ಓಡ್ತೀಯ. ಅದಕ್ಕೆ, ಪೋಣಿಸೋ ತನಕ ನಂದೇ ಒಂದೆರಡು ಮಾತು ಸೇರಿಸ್ತಿದ್ದೆ.”

“ಎಷ್ಟು ಸಲ ತುಂಡಾಗಿತ್ತು?”

“ಯಾರಿಗೆ ನೆನಪಿದೆ? ದರಿದ್ರದ ದಾರ.”

ಯಾವುದು ಪುಸ್ತಕದ್ದು, ಯಾವುದು ಅತ್ತೆಯದು? ತಿಳಿಯಲು ಇದ್ದದ್ದು ಒಂದೇ ದಾರಿ. ಗುಂಡಿ ಅಳತೆಯ ಟೇಪನ್ನು ಸಾಲಿನ ಕೆಳಗೆ ಬಿಗಿಯಾಗಿ ಹಿಡಿದು ಒಂದೊಂದೇ ಪದ ಬಿಡಿಸತೊಡಗಿದಳು.

“ರಬ್ಬರು ಸಿ... ಸಿಕಿತು.”

“ಸಿಕಿತು ಅಂದ್ರೇನೇ?” ಅತ್ತೆ ಯಂತ್ರದ ತಗಡು ಸರಿಸಿ ಕೆಳಗಿನ ದಾರ ಸುತ್ತಿದ್ದ ಬಾಬಿನ್ ತೋರಿಸಿದಳು. “ನೋಡಿಲ್ಲಿ. ಮೇಲಿನ ದಾರ ಎಲ್ಲರಿಗೂ ಕಾಣತ್ತೆ. ಕೆಳಗಿಂದು ಅದನ್ನ ಹಿಡ್ಕೊಳ್ದೇ ಇದ್ರೆ ಹೊಲಿಗೆ ಬಿಚ್ಕೊಳತ್ತೆ. ಒತ್ತೂ ಹಾಗೇ. ಹಿಡಿದು ಹೇಳು.”

“ಸಿಕ್... ಸಿಕ್ಕಿತು.”

ಗುಂಡಿ ಅದನ್ನು ಇನ್ನೆರಡು ಸಲ ಹೇಳಿ ನೋಡಿದಳು. ಬಿಚ್ಚಿಕೊಳ್ಳಲಿಲ್ಲ.

ಭಾನುವಾರದ ಹೊತ್ತಿಗೆ ಅತ್ತೆಯ ಏಳು ಸುಳ್ಳುಗಳು ಸಿಕ್ಕಿಬಿದ್ದವು. ಒಂದೊಂದಕ್ಕೂ ಅತ್ತೆ ಕಿವಿ ಹಿಡಿದುಕೊಳ್ಳಬೇಕಾಯಿತು.

ಸೋಮವಾರ ಗುಂಡಿ ನಿಧಾನವಾಗಿ ಓದಿದಳು. ಬೆರಳು ಸರಿಸುತ್ತ, ಎರಡು ಕಡೆ ತಡವರಿಸಿ, ಹಿಂದಕ್ಕೆ ಹೋಗಿ ಮತ್ತೆ ಬಂದಳು. ಕೊನೆಯ ಸಾಲಿನಲ್ಲಿ ರಬ್ಬರು ಸಿಕ್ಕಿತು. ಟೀಚರು ಕುರ್ಚಿ ಎಳೆದು, ಹತ್ತಿ, ಹಳದಿ ಪುಸ್ತಕವನ್ನು ಇಳಿಸಿ ಅವಳ ಕೈಗಿಟ್ಟರು.

“ನಾಚಿಕೆ ರಬ್ಬರೇ ಚೆನ್ನಾಗಿತ್ತು” ಎಂದು ಪಕ್ಕದ ಬೆಂಚಿನವನು ಗೊಣಗಿದ.

ಸಂಜೆ ಅತ್ತೆ ಹಳದಿ ರಟ್ಟು ಕಂಡದ್ದೇ ಕೈ ಚಾಚಿದಳು. “ಕೊಡಿಲ್ಲಿ, ಯಂತ್ರಕ್ಕೆ ಒರಗಿಸ್ತೀನಿ. ಮೊದಲನೇ ಅಧ್ಯಾಯ ಇವತ್ತೇ ಓದ್ಬಿಡ್ತೀನಿ.”

ಗುಂಡಿ ಪುಸ್ತಕವನ್ನು ತನ್ನ ತೊಡೆಯ ಮೇಲೆ ತೆರೆದು, ಮೊದಲ ಸಾಲಿನ ಕೆಳಗೆ ಟೇಪು ಎಳೆದು ಹಿಡಿದಳು.

“ಕೊಡಲ್ಲ ಅತ್ತೆ. ನಿನ್ನ ದಾರ ಬೇಗ ತುಂಡಾಗತ್ತೆ.”