ಗಡಿ ದಾಟಿಸುವ ಕೋಳಿ

ಹಿರೇಕೊಡಿಗೆಯ ಜಲಜಮ್ಮನ ಮನೆಯಲ್ಲಿ ಸೋಮವಾರ ಎರಡು ಕೋಳಿ ಸತ್ತವು. ಮಂಗಳವಾರ ಬೆಳಿಗ್ಗೆ ಸೊಸೆ ಗಾನವಿ ಗೂಡಿನ ಬಾಗಿಲು ತೆಗೆದರೆ, ಕೆಂಪು ಹೇಂಟೆ ಕುತ್ತಿಗೆ ತಿರುಚಿಕೊಂಡು, ಬಾಯಿ ತೆರೆದು ಉಸಿರೆಳೆಯುತ್ತಿತ್ತು. ನೆಲದ ತುಂಬ ಹಸಿರು ಹಿಕ್ಕೆ. ಅವಳು ನಿಂತಲ್ಲಿಂದಲೇ, ಮನೆಮನೆಯ ದನ-ಕೋಳಿಗಳನ್ನು ನೋಡಿಕೊಳ್ಳುವ ಪಶುಸಖಿ ಹಬೀಬಾಗೆ ಫೋನ್ ಮಾಡಿದಳು.

“ಕೊಕ್ಕರೆ ರೋಗ ಇದ್ದ ಹಾಗಿದೆ ಮಾರಾಯ್ತಿ,” ಎಂದಳು ಹಬೀಬಾ. “ಬಂದಮೇಲೆ ಮದ್ದಿಲ್ಲ. ಅದನ್ನ ಬೇರೆ ಇಡು. ಸತ್ತದ್ದನ್ನ ಸುಣ್ಣ ಹಾಕಿ ಆಳಕ್ಕೆ ಹೂಳು. ಚೆನ್ನಾಗಿರೋ ಕೋಳಿಗೆ ಲಸಿಕೆ ತರ್ತೀನಿ. ಯಾವುದನ್ನೂ ಹೊರಗೆ ಬಿಡಬೇಡ.”

ತಿರುಗಿ ನೋಡಿದರೆ ಅತ್ತೆ ಆ ಹೇಂಟೆಯ ನೆತ್ತಿಗೆ ಕುಂಕುಮ ಹಚ್ಚಿ ಬುಟ್ಟಿಗೆ ಹಾಕುತ್ತಿದ್ದರು.

“ಮಾರಿ ಹೊಕ್ಕಿದೆ. ಹಳ್ಳದಾಚೆ ಬಿಟ್ಟು ಬರ್ತೀನಿ. ಗಡಿ ದಾಟಿದ್ರೆ ನಮ್ಮವು ಉಳೀತವೆ.”

“ಹಳ್ಳದಾಚೆ ನಮ್ಮಮ್ಮನ ಮನೆ ಅಲ್ವಾ ಅತ್ತೆ?”

“ಅವರೂ ಮುಂದಿನ ಊರಿಗೆ ದಾಟಿಸ್ಲಿ. ನಮ್ಮತ್ತೆ ಕಾಲದಿಂದ ಮಾಡಿದ್ದೇ ಇದು. ಹೋದ ವರ್ಷವೂ ನಾನೇ ಬಿಟ್ಟು ಬಂದಿದ್ದೆ.”

ಹೋದ ವರ್ಷ ಗಾನವಿಯ ಅಮ್ಮನ ಇಪ್ಪತ್ತೆರಡು ಕೋಳಿ ಒಂದೇ ವಾರದಲ್ಲಿ ಸತ್ತಿದ್ದವು. ಗಂಡ ಸತ್ತ ಅವಳದೇ ಕಣ್ಣು ತಾಗಿತು ಎಂದು ಊರವರು ಆಡಿಕೊಂಡಿದ್ದರು. ಅಮ್ಮ ಅದನ್ನೇ ನಂಬಿ, ಯಾರ ಅಂಗಳಕ್ಕೂ ಕಾಲಿಡದೆ ತಿಂಗಳುಗಟ್ಟಲೆ ಮನೆಯೊಳಗೇ ಕೂತಿದ್ದಳು.

ಜಲಜಮ್ಮ ಬುಟ್ಟಿ ಹೊತ್ತು ಹೊರಟೇಬಿಟ್ಟರು. ಗಾನವಿ ಗದ್ದೆಯ ಅಂಚಿನಲ್ಲಿ ಓಡಿ, ಅವರಿಗಿಂತ ಮೊದಲೇ ಹಳ್ಳಕ್ಕೆ ಹಾಕಿದ್ದ ಕಾಲುಸಂಕದ ಮಧ್ಯೆ ಹೋಗಿ ನಿಂತಳು.

“ದಾರಿ ಬಿಡೆ.”

“ಬಿಡೋದಿಲ್ಲ. ನೀವು ದಾಟಿಸಿದ್ದು ಮಾರಿಯಲ್ಲ ಅತ್ತೆ, ರೋಗ. ಸತ್ತಿದ್ದು ನಮ್ಮಮ್ಮನ ಕೋಳಿ, ಹೆಸರು ಕೆಟ್ಟಿದ್ದು ನಮ್ಮಮ್ಮಂದು.”

“ನಮ್ಮ ಕೋಳಿ ಸತ್ರೆ?”

“ಸಾಯ್ಲಿ. ನಮ್ಮ ಹಿತ್ತಿಲಲ್ಲೇ ಹೂಳೋಣ.”

ಗದ್ದೆಯಲ್ಲಿದ್ದ ನೆರೆಮನೆಯ ಮಂಜಯ್ಯ ಕೆಲಸ ಬಿಟ್ಟು ನೋಡುತ್ತಿದ್ದ. ಜಲಜಮ್ಮ ಸೊಸೆಯನ್ನು ಶಪಿಸಿದರು, ಸಂಕವನ್ನು ಶಪಿಸಿದರು, ಕೊನೆಗೆ ಬುಟ್ಟಿಯನ್ನು ಅಲ್ಲೇ ಕುಕ್ಕಿ ಮನೆಗೆ ನಡೆದರು. ಗಾನವಿ ಅದನ್ನು ಹಿತ್ತಿಲಿಗೆ ಹೊತ್ತು ತಂದಳು; ಮಧ್ಯಾಹ್ನದೊಳಗೆ ಹೇಂಟೆ ಸತ್ತಿತು.

ಹಬೀಬಾ ಬಂದು ಉಳಿದ ಎಂಟಕ್ಕೂ ಲಸಿಕೆ ಹಾಕಿದಳು, ಕಣ್ಣಿಗೊಂದು ಹನಿ. “ಕೆಲವಕ್ಕೆ ಆಗಲೇ ತಗುಲಿರಬಹುದು,” ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಶನಿವಾರದೊಳಗೆ ಮೂರು ಸತ್ತವು. ಒಂದೊಂದನ್ನು ಹೂಳುವಾಗಲೂ ಅತ್ತೆ ಗಾನವಿಯನ್ನೇ ದುರುಗುಟ್ಟಿ ನೋಡಿದರು. ಐದು ಉಳಿದವು.

ಭಾನುವಾರ ಗಾನವಿ ಅತ್ತೆಯ ಎದುರೇ ಅಮ್ಮನಿಗೆ ಫೋನ್ ಮಾಡಿದಳು. “ಅಮ್ಮಾ, ಹೋದ ವರ್ಷದ ರೋಗ ನಮ್ಮನೆಯಿಂದಲೇ ಬಂದಿದ್ದು. ನಿನ್ನ ಕಣ್ಣಿಂದಲ್ಲ.”

ಆ ಕಡೆಯಿಂದ ಮೂಗೊರೆಸಿಕೊಂಡ ಸದ್ದು.

“ಆ ಹಬೀಬಾನ್ನ ಇಲ್ಲಿಗೂ ಕಳಿಸು ಮಗಾ,” ಎಂದಳು ಅಮ್ಮ. “ಊರಿನ ಎಲ್ಲಾ ಮನೆಗೂ ನಾನೇ ಕರ್ಕೊಂಡು ಹೋಗ್ತೀನಿ.”